ತಾಳ್ಮೆ ಮತ್ತು ಒಂದು ರಬ್ಬರು ಕೊಳವೆ

'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯದೆ ಶಾಲೆ ದಾಟಿದವರು ನಮ್ಮಲ್ಲಿ ಯಾರಿದ್ದಾರೆ? ಮೂವತ್ತು ವರ್ಷಗಳಿಂದ ನಾನು ಅದನ್ನು ಮಕ್ಕಳ ಕೈಯಲ್ಲಿ ಬರೆಸುತ್ತ ಬಂದಿದ್ದೇನೆ. ಒಂದು ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಗಾದೆಯಲ್ಲಿ ಇರುವುದು 'ತಾಳಿದವನು'. ಆದರೆ ಮನೆಗಳಲ್ಲಿ ಅದನ್ನು ಹೇಳುವುದು ಹೆಚ್ಚಾಗಿ ತಾಳುವವಳಿಗೆ. ಹೆಣ್ಣನ್ನು ಭೂಮಿಗೆ ಹೋಲಿಸುವುದು, 'ಅವಳು ಬಾಯಿ ಬಿಟ್ಟವಳಲ್ಲ' ಎಂದು ಹತ್ತು ಜನರೆದುರು ಹೊಗಳುವುದು, ಇವೆಲ್ಲ ನಮಗೆ ಹೊಸತಲ್ಲ. ಹಾಗಾದರೆ ತಾಳ್ಮೆ ಎಂದರೆ ಒಳಗಿರುವುದನ್ನು ಒಳಗೇ ಮುಚ್ಚಿಟ್ಟುಕೊಳ್ಳುವುದೇ? ಮುಚ್ಚಿಟ್ಟವಳು ದೊಡ್ಡವಳು, ಬಿಚ್ಚಿಟ್ಟವಳು ಸಣ್ಣವಳು ಎಂದು ತೀರ್ಮಾನ ಮಾಡಿಬಿಡಬಹುದೇ?

ಈ ಪ್ರಶ್ನೆಗೆ ನನಗೆ ಸುಳಿವು ಸಿಕ್ಕಿದ್ದು ಯಾವ ಪ್ರವಚನದಲ್ಲೂ ಅಲ್ಲ, ಒಂದು ಹಳೆಯ ಮೋಟಾರ್ ಸೈಕಲ್ಲಿನ ಹೊಟ್ಟೆಯಲ್ಲಿ ಎಂದರೆ ನೀವು ನಗಬಹುದು. ನಗಿ, ಆದರೆ ಸ್ವಲ್ಪ ಕೇಳಿ.

ನಮ್ಮ ಮನೆಯವರಿಗೆ 1978ರ ಒಂದು ಬುಲೆಟ್ಟಿನ ಮೇಲೆ ಎಲ್ಲಿಲ್ಲದ ಪ್ರೀತಿ. ಇಂಗ್ಲೆಂಡಿನಲ್ಲಿ ಹುಟ್ಟಿ, 1955ರಲ್ಲಿ ಮದ್ರಾಸಿಗೆ ಬಂದು ನೆಲೆಸಿದ ಬೈಕು ಅದು. ಹಳೆಯ ಬೈಕನ್ನು ಪ್ರೀತಿಸುವವರ ಹೆಂಡತಿಯರಿಗೆ ಅಂಗಳದಲ್ಲಿ ರಂಗೋಲಿಯ ಚುಕ್ಕಿಯ ಪಕ್ಕದಲ್ಲೇ ಎಣ್ಣೆಯ ಚುಕ್ಕಿಯನ್ನೂ ನೋಡಿ ಅಭ್ಯಾಸ. 2009ರ ಬೇಸಿಗೆಯಲ್ಲಿ ಆ ಚುಕ್ಕಿಗಳು ಸೇರಿ ಹೊಂಡವೇ ಆಗತೊಡಗಿದವು. ಪೇಟೆಯ ಒಂದು ಗ್ಯಾರೇಜಿನಲ್ಲಿ ಪ್ಯಾಕಿಂಗ್ ಬದಲಾಯಿಸಿದರು. ಪ್ಯಾಕಿಂಗ್ ಎಂದರೆ ಎರಡು ಲೋಹದ ಭಾಗಗಳ ನಡುವೆ ಕೂರಿಸುವ ಕಾಗದದಂಥ ಹಾಳೆ. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಇದ್ದಂತೆ ಎನ್ನಿ. ಹದಿನೈದು ದಿನಕ್ಕೆ ಎಣ್ಣೆ ಬೇರೆ ಕಡೆಯಿಂದ ಇಣುಕಿತು. ಅಲ್ಲಿಯೂ ಪ್ಯಾಕಿಂಗ್ ಹಾಕಿ, ಮೇಲೆ ಅಂಟು ಬಳಿದು, ಬೋಲ್ಟು ಬಿಗಿ ಮಾಡಿದರು. ಎಣ್ಣೆ ಮೂರನೆಯ ಕಡೆ ದಾರಿ ಮಾಡಿಕೊಂಡಿತು.

ಕೊನೆಗೆ ನಮ್ಮೂರಿನ ಹಳೆಯ ಮೇಸ್ತ್ರಿಯೊಬ್ಬರ ಷೆಡ್ಡಿಗೆ ಹೋದೆವು. ಅವರು ಪ್ಯಾಕಿಂಗಿನ ಕಡೆ ನೋಡಲೇ ಇಲ್ಲ. ಎಂಜಿನ್ನಿನ ಮೈಯಿಂದ ಹೊರಟ ಒಂದು ರಬ್ಬರು ಕೊಳವೆಯನ್ನು ಬೆರಳಲ್ಲಿ ಸವರುತ್ತ ಹೋಗಿ ಒಂದು ಕಡೆ ನಿಂತರು. ಹಿಂದೆಂದೋ ರಿಪೇರಿ ಮಾಡಿದವರು ಬಿಡಿಭಾಗಗಳನ್ನು ಮತ್ತೆ ಜೋಡಿಸುವಾಗ ಕೊಳವೆ ಮಡಚಿ ಸಿಕ್ಕಿಹಾಕಿಕೊಂಡಿತ್ತು. "ಉಸಿರು ಕಟ್ಟಿದೆ ಟೀಚರಮ್ಮ. ಪ್ಯಾಕಿಂಗಿಂದು ಏನೂ ತಪ್ಪಿಲ್ಲ," ಎಂದರು.

ಎಂಜಿನ್ನಿಗೆ ಎಂಥ ಉಸಿರು? ಅವರು ಹೇಳಿದ್ದನ್ನು ನನ್ನ ಪಾಠದ ಭಾಷೆಯಲ್ಲಿ ಹೇಳುತ್ತೇನೆ. ಮೇಲೆ ಸಿಲಿಂಡರ್ ಇದೆ. ಅದರೊಳಗೆ ಮಗುಚಿಟ್ಟ ಲೋಟದಂಥ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಅದರ ಕೆಳಗಿನ ಲೋಹದ ಪೆಟ್ಟಿಗೆಗೆ ಕ್ರ್ಯಾಂಕ್ ಕೇಸ್ ಎಂದು ಹೆಸರು. ಪಿಸ್ಟನ್ನಿನ ಏರಿಳಿತವನ್ನು ತಿರುಗುವ ಚಲನೆಯಾಗಿ ಬದಲಿಸುವ ಕ್ರ್ಯಾಂಕ್ ಅಲ್ಲಿರುತ್ತದೆ. ಎಣ್ಣೆ ಅಲ್ಲಿ ಚಿಮ್ಮುತ್ತಿರುತ್ತದೆ. ಪಿಸ್ಟನ್ ಕೆಳಗಿಳಿದಾಗಲೆಲ್ಲ ತನ್ನ ಕೆಳಗಿನ ಗಾಳಿಯನ್ನು ಒತ್ತುತ್ತದೆ. ಈ ಬುಲೆಟ್ಟಿನ ಸಿಲಿಂಡರಿನ ವ್ಯಾಸ 70 ಮಿಲಿಮೀಟರು, ಪಿಸ್ಟನ್ ಓಡಾಡುವ ದೂರ 90 ಮಿಲಿಮೀಟರು. ಲೆಕ್ಕ ಹಾಕಿದರೆ ಒಂದು ಇಳಿತಕ್ಕೆ 346 ಘನ ಸೆಂಟಿಮೀಟರಿನಷ್ಟು, ಅಂದರೆ ಲೀಟರಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಗಾಳಿ ಜಾಗ ಬಿಡಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಇದು ಸೆಕೆಂಡಿಗೆ 50 ಸಲ ನಡೆಯುತ್ತದೆ. ಇದಲ್ಲದೆ, ಮೇಲೆ ಪೆಟ್ರೋಲು ಉರಿಯುವಾಗ ಪಿಸ್ಟನ್ನಿನ ರಿಂಗುಗಳ ಸಂದಿಯಿಂದ ಒಂದಿಷ್ಟು ಬಿಸಿ ಅನಿಲ ಕೆಳಕ್ಕೆ ನುಸುಳುತ್ತದೆ. ಹೊಚ್ಚ ಹೊಸ ಎಂಜಿನ್ನಿನಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ. ಅದರ ಜೊತೆ ನೀರಿನ ಆವಿ ಇರುತ್ತದೆ. ಹೊರಗೆ ಹೋಗದಿದ್ದರೆ ಆ ನೀರು ಎಣ್ಣೆಗೆ ಸೇರಿ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ.

ಇವೆಲ್ಲ ಹೊರಬೀಳಲೆಂದು ಮಾಡಿದ ದಾರಿಯೇ ಬ್ರೀದರ್, ಉಸಿರುಗೊಳವೆ. ಅದು ಕಟ್ಟಿತೋ, ಒಳಗಿನ ಒತ್ತಡ ಎಲ್ಲಿ ದುರ್ಬಲವೋ ಅಲ್ಲಿ ಎಣ್ಣೆಯನ್ನು ತಳ್ಳುತ್ತದೆ. ಎಣ್ಣೆ ಸೋರಿದ ಜಾಗ ಒಂದು, ಕಾಯಿಲೆಯ ಜಾಗ ಇನ್ನೊಂದು.

ಆ ವರ್ಷದ ಗೌರಿ ಹಬ್ಬಕ್ಕೆ ಹಳ್ಳಿಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅಲ್ಲಿ ಮನೆ ನಡೆಸುತ್ತಿದ್ದವರು ನನ್ನ ಹಿರಿಯ ವಾರಗಿತ್ತಿ. ನಾನು ಅಕ್ಕ ಎಂದೇ ಕರೆಯುವುದು. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ, ಒಬ್ಬರಿಗೂ ಎದುರಾಡಿದವರಲ್ಲ. ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದ ನಮ್ಮತ್ತೆಯ ಸೇವೆಯನ್ನು ನಾಲ್ಕು ವರ್ಷದಿಂದ ಮಾಡುತ್ತಿದ್ದರು. ನೆಂಟರಿಷ್ಟರ ಬಾಯಲ್ಲಿ ಅವರು ಭೂಮಿತಾಯಿ. ಹಬ್ಬದ ಮಾರನೆಯ ಬೆಳಿಗ್ಗೆ ಭಾವನವರು ಒಂದು ಗುಟುಕು ಕುಡಿದು, "ಕಾಫಿ ತಣ್ಣಗಿದೆಯಲ್ಲ," ಎಂದರು. ಅಕ್ಕ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. ಆಮೇಲೆ ಅವರ ಬಾಯಿಂದ ಬಂದದ್ದು ಇಪ್ಪತ್ತೆರಡು ವರ್ಷದ ಮಾತು. ಮಧ್ಯಾಹ್ನದ ಬಸ್ಸಿಗೆ ಅಣ್ಣನ ಮನೆಗೆ ಹೊರಟುಹೋದರು.

ಜಗಲಿಯ ಮೇಲೆ ಪಂಚಾಯಿತಿ ಸೇರಿತು. "ಕಾಫಿ ತಣ್ಣಗಿದೆ ಅಂದದ್ದಕ್ಕಾ ಇಷ್ಟೆಲ್ಲ?" "ಅಷ್ಟು ಸಣ್ಣ ಮಾತಿಗೆ ಮನೆ ಬಿಟ್ಟು ಹೋಗೋದಾ?" ಹಿರಿಯರೊಬ್ಬರು, "ಒಂದು ಒಳ್ಳೆ ಸೀರೆ ತಗೊಂಡು ಹೋಗಿ ಸಮಾಧಾನ ಮಾಡಿ ಕರ್ಕೊಂಡು ಬನ್ನಿ," ಎಂದರು. ಪ್ಯಾಕಿಂಗ್ ಬದಲಾಯಿಸುವ ಸಲಹೆ! ಎಲ್ಲರೂ ನೋಡುತ್ತಿದ್ದದ್ದು ಎಣ್ಣೆ ಸೋರಿದ ಜಾಗವನ್ನು, ಆ ಒಂದು ಲೋಟ ಕಾಫಿಯನ್ನು.

ಆಗ ನೆನಪಾಯಿತು. ಮೊದಲೆಲ್ಲ ಅಕ್ಕ ಶನಿವಾರ ಸಂಜೆ ಹಿಂದಿನ ಬೀದಿಯ ದೇವಸ್ಥಾನದ ಭಜನಾ ಮಂಡಳಿಗೆ ಹೋಗುತ್ತಿದ್ದರು. ಭಜನೆ ಒಂದು ಗಂಟೆ, ಕಟ್ಟೆಯ ಮೇಲಿನ ಮಾತು ಒಂದು ಗಂಟೆ. ಅತ್ತೆ ಮಲಗಿದ ಮೇಲೆ ಅವರ ಬಳಿ ಕೂರುವವರಿಲ್ಲವೆಂದು ಅದು ನಿಂತುಹೋಗಿತ್ತು. ಯಾರೂ ಬೇಡವೆಂದಿರಲಿಲ್ಲ. ಯಾವ ದುರುದ್ದೇಶವೂ ಇಲ್ಲದೆ, ಮನೆಯ ಸಾಮಾನುಗಳನ್ನು ಬೇರೆ ರೀತಿ ಜೋಡಿಸುವಾಗ ಒಂದು ಕೊಳವೆ ಮಡಚಿಹೋಗಿತ್ತು, ಅಷ್ಟೆ. ಉಸಿರು ಕಟ್ಟಿಸುವುದಕ್ಕೆ ದುಷ್ಟರೇ ಬೇಕೆಂದಿಲ್ಲ. ಗಮನಿಸದವರು ಇದ್ದರೂ ಸಾಕು.

ಹಾಗಾದರೆ ಅನ್ನಿಸಿದ್ದನ್ನೆಲ್ಲ ಆಗಿಂದಾಗ ಹೊರಹಾಕಿಬಿಡುವುದೇ ಸರಿಯೇ? 'ಮನಸ್ಸಿನಲ್ಲಿ ಇಟ್ಟುಕೋಬೇಡ, ಕಾರಿಬಿಡು' ಎಂಬ ಬುದ್ಧಿಮಾತು ಈಗ ಬೀದಿಬೀದಿಯಲ್ಲಿ ಸಿಗುತ್ತದೆ. ಇದಕ್ಕೂ ಮೇಸ್ತ್ರಿಯ ಷೆಡ್ಡಿನಲ್ಲಿ ಉತ್ತರವಿತ್ತು. "ಹಾಗಾದ್ರೆ ದೊಡ್ಡದೊಂದು ತೂತು ಕೊರೆದುಬಿಟ್ಟರೆ ಆಗದೇ?" ಎಂದು ನಾನು ಕೇಳಿದ್ದೆ. ಅವರು ತಲೆಯಾಡಿಸಿದರು. ಪಿಸ್ಟನ್ ಇಳಿದಾಗ ಗಾಳಿ ಹೊರಗೆ ಹೋಗುತ್ತದೆ, ನಿಜ. ಏರಿದಾಗ ಅದೇ ತೂತಿನಿಂದ ಹೊರಗಿನ ಗಾಳಿ, ದೂಳು, ಮಳೆಯ ತೇವ ಎಲ್ಲವನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕೇ ಬುಲೆಟ್ಟಿನ ಬ್ರೀದರಿನಲ್ಲಿ ಬಾತುಕೋಳಿಯ ಕೊಕ್ಕಿನಂಥ ಒಂದು ಚಿಕ್ಕ ರಬ್ಬರು ಇರುತ್ತದೆ. ಒಳಗಿನಿಂದ ಒತ್ತಿದರೆ ಕೊಕ್ಕು ತೆರೆಯುತ್ತದೆ. ಹೊರಗಿನಿಂದ ಗಾಳಿ ನುಗ್ಗಹೋದರೆ ತುಟಿ ಮುಚ್ಚಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ರಬ್ಬರು ಗಡುಸಾಗುತ್ತದೆ, ಆಗ ಬದಲಾಯಿಸಬೇಕು.

ಹಳೆಯ ಎಂಜಿನ್ನುಗಳ ಉಸಿರಾಟ ಸುಧಾರಿಸುವವರು ಮುಖ್ಯವಾಗಿ ಮೂರು ಕೆಲಸ ಮಾಡುತ್ತಾರೆ. ಕೊಳವೆಯನ್ನು ತಕ್ಕಷ್ಟು ಅಗಲ ಮಾಡುತ್ತಾರೆ. ಒಂದೇ ಕಡೆ ತೆರೆಯುವ ಕವಾಟವನ್ನು ಕ್ರ್ಯಾಂಕ್ ಕೇಸಿಗೆ ಆದಷ್ಟು ಹತ್ತಿರ ಕೂರಿಸುತ್ತಾರೆ. ದೂರವಿದ್ದರೆ ಕೊಳವೆಯೊಳಗಿನ ಗಾಳಿಯೇ ಹಿಂದೆ ಮುಂದೆ ತೂಗಾಡುತ್ತದೆ, ಹೊರಗೆ ಹೋಗುವುದು ಕಡಿಮೆ. ಕೊಳವೆಯ ತುದಿಯನ್ನು ಎಣ್ಣೆ ಹಿಡಿಯುವ ಒಂದು ಡಬ್ಬಿಗೆ ಸೇರಿಸುತ್ತಾರೆ. ಕವಾಟ ಸರಿಯಾಗಿದ್ದರೆ ಕ್ರ್ಯಾಂಕ್ ಕೇಸಿನ ಸರಾಸರಿ ಒತ್ತಡ ಹೊರಗಿನ ಗಾಳಿಗಿಂತ ತುಸು ಕಡಿಮೆಯೇ ಆಗುತ್ತದೆ. ಆಗ ಎಣ್ಣೆ ಸೋರುವ ಮಾತು ಹಾಗಿರಲಿ, ಒಳಗೇ ನಿಲ್ಲಲು ಬಯಸುತ್ತದೆ.

ಈ ಮೂರರಲ್ಲೂ ನಮಗೊಂದು ಪಾಠವಿದೆ. ಹೇಳಿ ಮುಗಿಸಿದ ನೋವನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುವವರನ್ನು ನೀವೂ ಕಂಡಿರುತ್ತೀರಿ. ಅದೇ ಮಾತು, ಅದೇ ಕಣ್ಣೀರು, ಹೇಳಿದಷ್ಟೂ ಹೊಸದಾಗುವ ಸಿಟ್ಟು. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್ಮನ್ 2002ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸಿಟ್ಟು ಬರಿಸಲಾಗಿದ್ದ ಕೆಲವರು ಸಿಟ್ಟು ಬರಿಸಿದವನನ್ನೇ ನೆನೆಯುತ್ತ ಒಂದು ಮೂಟೆಯನ್ನು ಗುದ್ದಿದರು. ಕೆಲವರು ಏನೂ ಮಾಡದೆ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂತವರಿಗಿಂತ ಗುದ್ದಿದವರ ಸಿಟ್ಟೇ ಹೆಚ್ಚಾಗಿತ್ತು. ಬರಿಯ ತೂತು ಉಸಿರುಗೊಳವೆಯಾಗದು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆಡಿದ ಮಾತು ಹೊರಗೇ ಉಳಿಯಬೇಕು. ಒಳಕ್ಕೆ ಮರಳದಂತೆ ಒಂದು ಪುಟ್ಟ ಕೊಕ್ಕು ಮುಚ್ಚಿಕೊಳ್ಳಬೇಕು.

ಇನ್ನು ತುದಿ ಎಲ್ಲಿರಬೇಕು ಎಂಬುದು. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಎಷ್ಟೋ ಸಲ ಬ್ರೀದರಿನ ತುದಿಯನ್ನು ಹಿಂದಿನ ಚೈನಿನ ಕಡೆಗೆ ತಿರುಗಿಸುತ್ತಿದ್ದರು. ಹೊರಬಿದ್ದ ಎಣ್ಣೆಯ ಹನಿ ಚೈನಿಗೆ ಸವರಿದಂತಾಗಲಿ ಎಂಬ ಜಾಣತನ. ಆದರೆ ಅದೇ ಎಣ್ಣೆ ಒಂದಿಷ್ಟು ಹೆಚ್ಚಾಗಿ ಹಿಂದಿನ ಟೈರಿಗೆ ಬಿದ್ದರೆ ಗಾಡಿ ಜಾರಿ ಪ್ರಾಣಕ್ಕೇ ಸಂಚಕಾರ. ನಮ್ಮ ಹಿರಿಯರು ಇದನ್ನೇ 'ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ' ಎಂದರು. ಕೊತ್ತಿಯಾದರೆ ಓಡಿಹೋಗುತ್ತದೆ, ಮಗು ಎಲ್ಲಿಗೆ ಹೋಗುತ್ತದೆ? ಬೆನ್ನ ಮೇಲೆ ಬರೆಯೊಂದಿಗೆ ತರಗತಿಗೆ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ವಿಚಾರಿಸಿದರೆ ಆ ಪೆಟ್ಟು ಯಾರಿಗೋ ಸಲ್ಲಬೇಕಾಗಿದ್ದ ಮಾತಾಗಿರುತ್ತದೆ.

ಹೊತ್ತಿನ ಪ್ರಶ್ನೆಯೂ ಇದೆ. 1937ರಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿ ಸ್ಪೀಡ್ ಟ್ವಿನ್ ಎಂಬ ಜೋಡಿ ಸಿಲಿಂಡರಿನ ಬೈಕನ್ನು ಹೊರತಂದಿತು. ಅದರಲ್ಲಿ ಎರಡು ಪಿಸ್ಟನ್ನುಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ, ಹಾಗಾಗಿ ಕೆಳಗಿನ ಪೆಟ್ಟಿಗೆಗೆ ಇಬ್ಬರ ಒತ್ತಡವೂ ಒಂದೇ ಸಲಕ್ಕೆ. ಟ್ರಯಂಫಿನ ಇಂಥ ಜೋಡಿ ಎಂಜಿನ್ನುಗಳಲ್ಲಿ ತಿರುಗುವ ಕ್ಯಾಮ್ ಷಾಫ್ಟಿನ ತುದಿಗೇ ಕವಾಟ ಜೋಡಿಸಿ, ಪಿಸ್ಟನ್ನುಗಳು ಇಳಿಯುವ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುವಂತೆ ಮಾಡಿದ್ದರು. 1965ರಲ್ಲಿ ಬಂದ ಹೋಂಡಾ ಸಿಬಿ 450ರಲ್ಲಿ ಒಂದು ಪಿಸ್ಟನ್ ಇಳಿದಾಗ ಇನ್ನೊಂದು ಏರುತ್ತದೆ. ಒಂದು ಒತ್ತಿದ ಗಾಳಿಗೆ ಇನ್ನೊಂದು ಜಾಗ ಬಿಡುತ್ತದೆ. ಸಂಸಾರಗಳಲ್ಲೂ ಈ ಎರಡು ಬಗೆಯಿಲ್ಲವೇ? ಇಬ್ಬರೂ ಒಟ್ಟಿಗೆ ಸಿಟ್ಟಾಗುವ ಮನೆಯಲ್ಲಿ ಹೊತ್ತರಿತು ತೆರೆಯುವ ಬಾಗಿಲು ಬೇಕೇ ಬೇಕು. ತಕ್ಕವರ ಮೇಲೆ, ತಕ್ಕ ಹೊತ್ತಿನಲ್ಲಿ, ತಕ್ಕಷ್ಟೇ ಸಿಟ್ಟಾಗುವುದು ಕಷ್ಟದ ಕೆಲಸ ಎಂದು ಗ್ರೀಸಿನ ಅರಿಸ್ಟಾಟಲ್ ಎಂದೋ ಹೇಳಿಟ್ಟಿದ್ದಾನೆ. ಅವನು ಸಿಟ್ಟೇ ಬೇಡವೆನ್ನಲಿಲ್ಲ ಎಂಬುದನ್ನೂ ಗಮನಿಸಬೇಕು.

ಮುಚ್ಚಿಡುವುದೆಲ್ಲ ಕೆಟ್ಟದ್ದು ಎನ್ನುವ ಹಾಗೂ ಇಲ್ಲ. ಮೇಸ್ತ್ರಿಯ ಷೆಡ್ಡಿನಲ್ಲಿ ಬುಲೆಟ್ಟಿನ ಪಕ್ಕದಲ್ಲೇ ಒಂದು ಯೆಜ್ಡಿ ನಿಂತಿತ್ತು. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಿಂದ ಬೈಕು ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಸರಿ ಮಾಡಿಕೊಂಡವರು ಮೈಸೂರಿನಲ್ಲಿ ಈಗಲೂ ಸಿಕ್ಕಾರು. "ಇದಕ್ಕೆಲ್ಲಿದೆ ಬ್ರೀದರ್?" ಎಂದು ಕೇಳಿದೆ. "ಇದಕ್ಕೆ ಇರೋ ಹಾಗಿಲ್ಲ," ಎಂದರು. ಅದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿಗೇ ಬಂದು, ಅಲ್ಲಿ ಒತ್ತಿಸಿಕೊಂಡು, ಆಮೇಲೆ ಮೇಲಕ್ಕೆ ಹೋಗಬೇಕು. ಅಲ್ಲಿನ ಒತ್ತಡ ವ್ಯರ್ಥವಲ್ಲ, ಅದೇ ಕೆಲಸ ಮಾಡುವುದು. ಆಯಿಲ್ ಸೀಲು ಸವೆದು ಗಾಳಿ ಆಡಿತೋ, ಗಾಡಿ ಸರಿಯಾಗಿ ಸ್ಟಾರ್ಟೇ ಆಗುವುದಿಲ್ಲ. ಕಾದು ಪಿಸ್ಟನ್ ಹಿಡಿದುಕೊಳ್ಳಲೂಬಹುದು. ಕುಕ್ಕರಿನಲ್ಲಿ ಒತ್ತಡವಿದ್ದರೇ ಬೇಳೆ ಬೇಯುವ ಹಾಗೆ.

ಒಬ್ಬಳು ಹುಡುಗಿ ನನ್ನನ್ನು ನಂಬಿ ಹೇಳಿದ ಮನೆಯ ಗುಟ್ಟು ಸ್ಟಾಫ್ ರೂಮಿನ ಮಾತಾಗಬಾರದು. ಅವಳ ರಕ್ಷಣೆಗೆ ಬೇಕಾದವರ ಕಿವಿಗೆ ಹಾಕುವ ಮಾತು ಬೇರೆ. ಹರಟೆಗೆ ಅದು ಸಾಮಗ್ರಿಯಲ್ಲ. ಪರೀಕ್ಷೆಗೆ ಓದುವ ಮಗುವಿನ ಛಲ, ಮಾಡಿ ತೋರಿಸುತ್ತೇನೆಂಬ ಹೆಣ್ಣಿನ ಹಟ, ಇವನ್ನೂ ಮಾತಿನಲ್ಲಿ ಸೋರಿಸಿ ಮುಗಿಸಬಾರದು. ಆದ್ದರಿಂದ ಕೇಳಿಕೊಳ್ಳಬೇಕಾದ್ದು ಇಷ್ಟು: ನನ್ನೊಳಗೆ ಕೂತಿರುವ ಈ ಒತ್ತಡ ಏನನ್ನಾದರೂ ಬೇಯಿಸುತ್ತಿದೆಯೇ, ಓಡಿಸುತ್ತಿದೆಯೇ? ಅಥವಾ ಸುಮ್ಮನೆ ಪ್ಯಾಕಿಂಗನ್ನು ಒತ್ತುತ್ತಿದೆಯೇ? ಯೆಜ್ಡಿಗೆ ಹೇಳಿದ ಬುದ್ಧಿಯನ್ನು ಬುಲೆಟ್ಟಿಗೆ ಹೇಳಿದರೆ ಎರಡೂ ಕೆಡುತ್ತವೆ.

ಇಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಸುಲಭವಾಗಿ ಮುಗಿಯುತ್ತಿತ್ತು. ಅಕ್ಕನ ಅಣ್ಣನ ಮನೆಗೆ ನಾನೂ ನಮ್ಮ ಮನೆಯವರೂ ಹೋದೆವು. ಶನಿವಾರ ಸಂಜೆ ಅತ್ತೆಯ ಬಳಿ ಯಾರಾದರೂ ಕೂರುವ ವ್ಯವಸ್ಥೆ ಮಾಡುತ್ತೇವೆ, ನೀವು ಮೊದಲಿನಂತೆ ಭಜನೆಗೆ ಹೋಗಿ ಎಂದೆವು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದರು: "ಶನಿವಾರ ಎರಡು ಗಂಟೆ ಕಳಿಸ್ತೀರಿ, ಒಳ್ಳೇದಾಯ್ತು. ರಾತ್ರಿ ಮೂರು ಸಲ ಏಳೋದು ಯಾರಮ್ಮ?"

ಈ ಪ್ರಶ್ನೆಯ ಮುಂದೆ ನನ್ನ ರಬ್ಬರು ಕೊಳವೆಯ ತತ್ವ ನಿಲ್ಲಲಿಲ್ಲ. ಆದರೆ ಎಂಜಿನ್ನಿನ ವಿದ್ಯೆ ನಿಂತಿತು. ರಿಂಗುಗಳು ಸವೆದ ಎಂಜಿನ್ನಿನಲ್ಲಿ ಬಿಸಿ ಅನಿಲ ಕೆಳಕ್ಕೆ ನುಗ್ಗುವುದು ಹೆಚ್ಚಾಗುತ್ತದೆ. ಆಗ ಎಷ್ಟೇ ದೊಡ್ಡ ಬ್ರೀದರ್ ಹಾಕಿದರೂ ಅದು ರೋಗವನ್ನು ಮರೆಸುತ್ತದೆಯೇ ಹೊರತು ಗುಣ ಮಾಡುವುದಿಲ್ಲ. ಎಂಜಿನ್ ಬಿಚ್ಚಬೇಕು, ರಿಂಗು ಬದಲಿಸಬೇಕು, ಬೇಕಿದ್ದರೆ ಬೋರ್ ಮಾಡಿಸಬೇಕು. ಖರ್ಚಿದೆ, ತೊಂದರೆಯಿದೆ. ಆದ್ದರಿಂದಲೇ ಎಲ್ಲರಿಗೂ ಕೊಳವೆ ಅಗಲ ಮಾಡುವುದೇ ಇಷ್ಟ. ಮಹಿಳಾ ಸಮಾಜ, ಭಜನೆ, ಗೆಳತಿಯರ ಹರಟೆ, ವರ್ಷಕ್ಕೊಂದು ಪ್ರವಾಸ ಎಲ್ಲವೂ ಬೇಕು. ಇವು ಐಷಾರಾಮವಲ್ಲ, ಎಂಜಿನ್ ಮಾಡಿದವನೇ ಇಟ್ಟ ಭಾಗದಂತೆ ಬಾಳಿಗೆ ಸೇರಿದ ಭಾಗ. ಆದರೆ ಉಸಿರಾಡಲು ಬಿಟ್ಟ ಮಾತ್ರಕ್ಕೆ ಹೊರೆ ನ್ಯಾಯವಾಗುವುದಿಲ್ಲ. 'ಅವಳನ್ನು ಎಲ್ಲಿಗೆ ಬೇಕಾದರೂ ಕಳಿಸುತ್ತೇವೆ' ಎಂದು ಹೇಳುವ ಮನೆ, ಅವಳು ಹಿಂತಿರುಗಿ ಬಂದಾಗ ಪಾತ್ರೆಗಳು ಎಲ್ಲಿರುತ್ತವೆ ಎಂದೂ ಹೇಳಬೇಕು.

ನಮ್ಮ ಮನೆಯಲ್ಲಿ ಬೋರ್ ಮಾಡಿಸುವ ಕೆಲಸವೇ ಆಯಿತು ಎನ್ನಿ. ಮೂವರು ಗಂಡುಮಕ್ಕಳೂ ಕೂತು ಮಾತಾಡಿ, ಅತ್ತೆ ವರ್ಷಕ್ಕೆ ನಾಲ್ಕು ನಾಲ್ಕು ತಿಂಗಳು ಒಬ್ಬೊಬ್ಬರ ಮನೆಯಲ್ಲಿ ಇರುವುದೆಂದು ಗೊತ್ತುಮಾಡಿದರು. ನಮ್ಮ ಮನೆಯ ಪಾಳಿಯಲ್ಲಿ ರಾತ್ರಿ ಏಳುವುದನ್ನು ನಮ್ಮ ಮನೆಯವರೇ ವಹಿಸಿಕೊಂಡರು. ಮೊದಲ ವಾರ ಕಣ್ಣು ಕೆಂಪಗೆ ಮಾಡಿಕೊಂಡು, "ಅತ್ತಿಗೆ ಇದನ್ನ ನಾಲ್ಕು ವರ್ಷ ಹೇಗೆ ಮಾಡಿದರೋ!" ಎಂದರು. ಅಕ್ಕನನ್ನು ಭೂಮಿತಾಯಿ ಎಂದು ಹೊಗಳಿದ ಮಾತುಗಳೆಲ್ಲ ಈ ಒಂದು ವಾಕ್ಯದ ಮುಂದೆ ನನಗೆ ಹಗುರವಾಗಿ ಕಂಡವು. 2013ರಲ್ಲಿ ಅತ್ತೆ ತೀರಿಕೊಂಡರು. ಆ ನಾಲ್ಕು ವರ್ಷವೂ ಅಕ್ಕ ಶನಿವಾರದ ಭಜನೆ ತಪ್ಪಿಸಲಿಲ್ಲ. ಮಾತಿನಲ್ಲಿ ಮೊದಲಿಗಿಂತ ಸ್ವಲ್ಪ ಖಾರವಾದರು; ಮನೆಗೆ ಅದರಿಂದ ಒಳ್ಳೆಯದೇ ಆಯಿತು.

ತಾಳ್ಮೆ ದೊಡ್ಡ ಗುಣವೇ. ಗಾದೆಯನ್ನು ನಾನು ಮಕ್ಕಳಿಂದ ಬರೆಸುವುದನ್ನು ಬಿಟ್ಟಿಲ್ಲ. ಆದರೆ ತಾಳ್ಮೆ ಎಂದರೆ ಮುಚ್ಚಿದ ಪೆಟ್ಟಿಗೆಯಲ್ಲ. ಹೊತ್ತರಿತು ಹೊರಕ್ಕೆ ಮಾತ್ರ ತೆರೆಯುವ ಬಾಗಿಲಿರುವ ಮನೆ ಎಂದು ಈಗ ಒಂದು ಸಾಲು ಸೇರಿಸಿ ಹೇಳುತ್ತೇನೆ. ಹಳೆಯ ಎಂಜಿನ್ನಿನ ಆರೋಗ್ಯ ತಿಳಿಯಲು ಅನುಭವಸ್ಥ ಮೇಸ್ತ್ರಿಗಳು ಮೊದಲಿಗೇ ಎಂಜಿನ್ ಬಿಚ್ಚುವುದಿಲ್ಲ. ಗಾಡಿ ಸ್ಟಾರ್ಟ್ ಮಾಡಿ ಬ್ರೀದರ್ ಕೊಳವೆಯ ತುದಿಗೆ ಅಂಗೈ ಹಿಡಿದು ನೋಡುತ್ತಾರೆ. ಎಷ್ಟು ಗಾಳಿ, ಎಷ್ಟು ಹೊಗೆ, ಎಷ್ಟು ಬಿಸಿ ಎಂಬುದರಿಂದ ಒಳಗಿನ ಸವೆತ ಅವರಿಗೆ ತಿಳಿಯುತ್ತದೆ. ನಮ್ಮ ನಿಮ್ಮ ಮನೆಗಳಲ್ಲೂ ಯಾವತ್ತೂ ಬಾಯಿ ಬಿಡದ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಹೊಗಳುವುದಕ್ಕಿಂತ ಮೊದಲು ಹತ್ತಿರ ಕೂತು, ಅವರು ಆಡುವ ಚಿಕ್ಕ ಚಿಕ್ಕ ಗೊಣಗಾಟಕ್ಕೆ ಅಂಗೈ ಒಡ್ಡಿ ನೋಡಬೇಕು. ಬಿಸಿ ಹೆಚ್ಚಾಗಿ ತಗುಲಿದರೆ, ಕೈ ಹಿಂದಕ್ಕೆ ಎಳೆದುಕೊಳ್ಳಬಾರದು.